ಕಿರುಬೆರಳು ದಾಟದ ಜಡೆ

ಮೊಮ್ಮಗಳನ್ನು ಬೇಸಿಗೆ ರಜೆಗೆಂದು ತಾಂಡೂರಿನಿಂದ ಜಹೀರಾಬಾದಿನ ನಮ್ಮ ಮನೆಗೆ ಬಿಡಲು ಬಂದ ಮಗಳು, ಚಪ್ಪಲಿ ಸಹ ಕಳಚದೆ ಬಾಗಿಲಲ್ಲೇ ನಿಂತು ತೀರ್ಪು ಓದಿದಳು.

"ಅವ್ವಾ, ಶಾಲಿ ಚಾಲೂ ಆಗೂದ್ರಾಗ ಇಕಿ ಕೂದಲಾ ಹೆಗಲ ತನಕ ಕತ್ತರಸ್ತೀನಿ. ನೀ ನಡುವ ಬರಬ್ಯಾಡ."

"ನೀರರೆ ಕುಡಿ ಮೊದಲ. ಯಾಕ ಕತ್ತರಸ್ತಿ?"

"ದಿನಾ ಮುಷ್ಟಿಗಟ್ಲೆ ಉದರಾಕತ್ತಾವ. ರಕ್ತ ತಪಾಸ ಮಾಡಿಸ್ದೆ, ರಕ್ತ ಚೆಂದ ಅದ ಅಂದ್ರು. ಮ್ಯಾಲ ತಾಂಡೂರಿನ ಧೂಳು. ತೊಳಿಯಾಕ ಟೈಮಿಲ್ಲ, ಒಣಗಸಾಕ ಟೈಮಿಲ್ಲ. ನಾ ನೌಕರಿಗಿ ಏಳಕ್ಕ ಬಶೀರಾಬಾದ್ ಬಸ್ ಹಿಡೀಬೇಕು. ಉಳಿದಿದ್ದು ನಾಕು ಕೂದಲಾ, ಅದಕ್ಕ ಇಷ್ಟು ಕಾರಬಾರಾ?"

ಅವಳ ಹಿಂದೆ ಮೊಮ್ಮಗಳು ಎರಡೂ ಜಡೆಗಳನ್ನು ಎದೆಯ ಮೇಲೆ ಎಳೆದುಕೊಂಡು, ಯಾರೋ ಈಗಲೇ ಕಸಿದುಕೊಳ್ಳುತ್ತಾರೇನೋ ಎಂಬಂತೆ ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಹತ್ತನೇ ತರಗತಿಗೆ ಹೋಗುವ ಹುಡುಗಿ. ಕೂದಲು ಸೊಂಟದ ಕೆಳಗಿತ್ತು. ತಾಯಿ ಮುಖ ತೊಳೆಯಲು ಒಳಗೆ ಹೋದ ಮೇಲೆ ಮೆಲ್ಲಗೆ ಅಂದಳು:

"ಆಯಿ, ನಾ ನಾಕನೇ ಕ್ಲಾಸಿನಿಂದ ಬೆಳಸೀನಿ. ಇಷ್ಟು ವರ್ಷದಾಗ ನಡುವ ಬಿಡದಂಗ ಮಾಡಿದ್ದು ಇದೊಂದ ಕೆಲಸ."

ಇಂಥ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವವಳಲ್ಲ. ಮಗಳು ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಕರಾರು ಮಾಡಿಕೊಂಡೆ. ರಜೆಯ ಏಳು ವಾರ ಹುಡುಗಿಯ ತಲೆ ನನ್ನ ವಶ. ಅಷ್ಟರಲ್ಲಿ ಉದುರುವುದು ಕಡಿಮೆಯಾದರೆ ಜಡೆ ಉಳಿಯುತ್ತದೆ. ಆಗದಿದ್ದರೆ ನಾನೇ ಅವಳ ಕೈ ಹಿಡಿದು ಪಾರ್ಲರಿಗೆ ಕರೆದುಕೊಂಡು ಹೋಗಬೇಕು.

"ನೋಡು ಅವ್ವಾ, ಆಮ್ಯಾಲ ಅದು ಇದು ಅನಬಾರದು," ಎಂದಳು ಮಗಳು.

"ನಾ ಯಾವಾಗ ಅದು ಇದು ಅಂದೀನಿ?"

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ನಮ್ಮ ಯಜಮಾನರು ಕೆಮ್ಮಿದರು. ಅವರ ತಲೆಯ ಮೇಲೆ ಕೂದಲಿಲ್ಲದೆ ಬಹಳ ವರ್ಷಗಳಾದವು. ಆದ್ದರಿಂದ ಈ ವಿಷಯದಲ್ಲಿ ಅವರ ಕೆಮ್ಮನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾನು ನಾರಾಯಣಖೇಡದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ಹಲ್ಲುಜ್ಜುವ ಸಾಲು, ಆರೂವರೆಗೆ ಜಡೆ ತಪಾಸಣೆ. ಪ್ರತಿ ಹುಡುಗಿಯೂ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ರಿಬ್ಬನ್ ಕಟ್ಟಿ ನಿಲ್ಲಬೇಕು. ನಾನು ಸಾಲಿನುದ್ದಕ್ಕೂ ನಡೆಯುತ್ತ ಕಿವಿಯ ಮೇಲೆ ಜಡೆ ಶುರುವಾಗುವಲ್ಲಿ ನನ್ನ ಕಿರುಬೆರಳನ್ನು ತೂರಿಸಿ ನೋಡುತ್ತಿದ್ದೆ. ಬೆರಳು ಒಳಗೆ ಹೋಯಿತೋ, ಜಡೆ ಬಿಚ್ಚಿ ಮತ್ತೆ ಹಾಕಬೇಕು. ಹೋಗಲಿಲ್ಲವೋ, ಪಾಸು. ಹೇನು ಬರುವುದಿಲ್ಲ, ಸಾರಿನಲ್ಲಿ ಕೂದಲು ಬೀಳುವುದಿಲ್ಲ, ನೋಡುವವರಿಗೆ ಹುಡುಗಿಯರು ಶಿಸ್ತಾಗಿ ಕಾಣುತ್ತಾರೆ. ನೌಕರಿಯ ಅಷ್ಟೂ ವರ್ಷ ಈ ಪದ್ಧತಿ ಒಂದು ದಿನವೂ ತಪ್ಪಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹೀಗಾಗಿ ಮಾರನೆಯ ದಿನವೇ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿತು. ಐದಕ್ಕೆ ಏಳುವುದು, ಬೆಚ್ಚಗಿನ ನೀರು ಕುಡಿಯುವುದು, ಬಿಸಿಲು ಏರುವ ಮುಂಚೆ ತಾರಸಿಯ ಮೇಲೆ ಇಪ್ಪತ್ತು ಸುತ್ತು. ಬೆಳಿಗ್ಗೆ ಮೊಳಕೆ ಕಟ್ಟಿದ ಹೆಸರುಕಾಳು, ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದು ಚಮಚ ಅಗಸಿ ಚಟ್ನಿಪುಡಿ. ಪೊಟ್ಟಣದ ಕುರುಕಲು ಬಂದ್. ಫೋನು ರಾತ್ರಿ ಒಂಬತ್ತಕ್ಕೆ ನನ್ನ ದಿಂಬಿನ ಕೆಳಗೆ. ಇದು ದೇಹಕ್ಕಾಯಿತು. ಕೂದಲಿಗೆ ಬೇರೆ ಹಾಳೆ: ಭಾನುವಾರ ಕುಸುಬಿ ಎಣ್ಣೆಯಲ್ಲಿ ಮೆಂತ್ಯ, ಕರಿಬೇವು ಕಾಯಿಸಿ ತಿಕ್ಕುವುದು. ಸೋಮವಾರ ನಮ್ಮಲ್ಲಿ ಹೇಗೂ ಲಿಂಗಪೂಜೆಗೆ ಮುಂಚೆ ಮನೆಮಂದಿಗೆಲ್ಲ ತಲೆಸ್ನಾನ, ಆವತ್ತು ಕುಂಕುಡುಕಾಯಿ ನೀರು. ಗುರುವಾರ ಮೊಸರು ಮತ್ತು ರುಬ್ಬಿದ ಮೆಂತ್ಯ. ಶುಕ್ರವಾರ ಅಗಸಿಯ ಲೋಳೆ.

ಕುಂಕುಡುಕಾಯಿ ಎಂದರೆ ಪುಸ್ತಕದ ಕನ್ನಡದ ಅಂಟುವಾಳ. ನಮ್ಮ ಕಡೆ ತೆಲುಗಿನ ಹೆಸರೇ ರೂಢಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಸೋಸಿ ತಲೆಗೆ ಹೊಯ್ದರೆ ನೊರೆ ಚೆನ್ನಾಗಿಯೇ ಬರುತ್ತದೆ. ಶಾಂಪೂ ಹಾಕಿಕೊಂಡು ಬೆಳೆದ ಹುಡುಗಿಗೆ ತಿಳಿಯದಿದ್ದದ್ದು ಒಂದೇ, ಈ ನೊರೆ ಬಂದಾಗ ಕಣ್ಣು ತೆರೆಯಬಾರದು. ಮೊದಲ ಸೋಮವಾರ ಅವಳ ಕೂಗಿಗೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು.

"ಏನಾತರಿ?"

"ಏನಿಲ್ಲರಿ, ಜಳಕಾ ನಡದದ," ಎಂದೆ.

ಅಗಸಿಯ ಲೋಳೆಯ ವಿಷಯದಲ್ಲಿ ತಪ್ಪು ನನ್ನದು. ಅಗಸಿಯನ್ನು ಕುದಿಸಿ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಬೇಕಂತೆ. ನನ್ನ ವೇಳಾಪಟ್ಟಿಯಲ್ಲಿ ಐದೂವರೆಗೆ ಕುದಿಸುವುದಿತ್ತು, ಸೋಸುವುದು ಆರೂವರೆಗಿತ್ತು. ನಡುವೆ ತಾರಸಿಯ ಸುತ್ತುಗಳು. ಕೆಳಗಿಳಿದು ಬರುವಷ್ಟರಲ್ಲಿ ಅದು ಪಾತ್ರೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾನೊಂದು ಕಡೆ, ಮೊಮ್ಮಗಳೊಂದು ಕಡೆ ಹಳೆಯ ಧೋತರದ ತುಂಡನ್ನು ಹಿಂಡಿದೆವು. ಒಂದು ಹನಿ ಇಳಿಯಲಿಲ್ಲ. ಯಜಮಾನರು ಬಂದು ಬೆರಳಲ್ಲಿ ಮುಟ್ಟಿ, ಎಳೆ ಎತ್ತರಕ್ಕೆ ಎಳೆದು ನೋಡಿದರು.

"ಇದು ತಲಿಗಾ, ಗ್ವಾಡಿಗಿ ಪೋಸ್ಟರ್ ಹಚ್ಚಾಕಾ?"

"ನಿಮಗ್ಯಾಕ ಬೇಕು?"

"ಕೇಳಿದ್ದು ತಪ್ಪಾ? ಉಳದ್ರ ನನ್ನ ತಲಿಗೂ ಜರಾ ಹಚ್ಚು. ಯಾರ ನಸೀಬಿನಾಗ ಏನ್ ಅದ ಯಾರು ಬಲ್ರು."

ಅವರಿಗೂ ಹಚ್ಚಿದೆವು. ಒಣಗಿದ ಮೇಲೆ ತಲೆ ಹಿತ್ತಾಳೆ ತಂಬಿಗೆಯಂತೆ ಹೊಳೆಯಿತು. ಮೊಮ್ಮಗಳು ನಕ್ಕು ನಕ್ಕು ನೆಲದ ಮೇಲೆ ಕುಳಿತಳು. ಅವಳು ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಪ್ರತಿದಿನ ಬಾಚಿದ ಮೇಲೆ ಉದುರಿದ ಕೂದಲನ್ನು ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು ಎಣಿಸಿ ವಹಿಯಲ್ಲಿ ಬರೆಯುತ್ತಿದ್ದೆವು. ಒಂದು ಮುಂಜಾನೆ ಯಜಮಾನರು ಬಂದು ಫ್ಯಾನಿನ ಗುಂಡಿ ಒತ್ತಿದರು. ಆವತ್ತಿನ ಎಣಿಕೆ ಮನೆಯೆಲ್ಲ ಹಾರಿತು. ಸಾರಿನಲ್ಲಿ ಒಂದು ಸಿಕ್ಕಿತು. ಅದನ್ನೂ ವಹಿಗೆ ಸೇರಿಸಿದೆ.

ಇಷ್ಟೆಲ್ಲ ಆದಮೇಲೆ ಕೊನೆಯ ಕೆಲಸ ಜಡೆ. ಅದು ಮಾತ್ರ ನನ್ನ ಕೈಯದೇ. ನೆತ್ತಿಯ ಮೇಲೆ ನೇರ ಬೈತಲೆ, ಎರಡು ಪಾಲು, ಬುಡದಿಂದ ಎಳೆದು ಹೆಣೆದು, ಮಡಚಿ, ರಿಬ್ಬನ್. ಮೊದಲ ದಿನ ಮಾತ್ರ ಅವಳು, "ಆಯಿ, ಜರಾ ಸಡಲ ಹಾಕು," ಎಂದಿದ್ದಳು. "ಸಡಲ ಹಾಕಿದ್ರ ಅದಕ್ಕ ಜಡಿ ಅನ್ನಲ್ಲ, ಹಗ್ಗಾ ಅಂತಾರ," ಎಂದಿದ್ದೆ. ಮತ್ತೆ ಕೇಳಲಿಲ್ಲ. ನನ್ನ ಕಿರುಬೆರಳಿನ ಪರೀಕ್ಷೆಯಲ್ಲಿ ದಿನವೂ ಪಾಸಾದಳು.

ಮೂರು ವಾರ ಕಳೆಯಿತು. ಹುಡುಗಿಯ ಕೆನ್ನೆ ತುಂಬಿತು. ನಾನು ಎಬ್ಬಿಸುವ ಮುಂಚೆ ತಾನೇ ಏಳತೊಡಗಿದಳು. ಮೂಗು ಮುಚ್ಚಿಕೊಂಡು ತಿನ್ನುತ್ತಿದ್ದ ಪುಂಡಿಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡಳು. ಜಡೆಯೂ ಹೊಳೆಯುತ್ತಿತ್ತು. ಆದರೆ ವಹಿಯ ಎಣಿಕೆ ಇಳಿಯಲಿಲ್ಲ. ಕಣತಲೆಯ ಎರಡೂ ಬದಿ, ಕಿವಿಯ ಮೇಲೆ, ಕೂದಲು ತೆಳುವಾಗಿ ಚರ್ಮ ಕಾಣುತ್ತಿತ್ತು. ನಾನು ಅಲ್ಲಿ ಎಣ್ಣೆ ಹೆಚ್ಚು ಹಚ್ಚಿದೆ. ಕೂದಲು ಇನ್ನಷ್ಟು ಜಾರದಿರಲೆಂದು ಜಡೆಯನ್ನು ಇನ್ನಷ್ಟು ಬಿಗಿದೆ.

ಅವಳು ಕನ್ನಡಿ ನೋಡುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ಎಣಿಸುತ್ತ ಕುಳಿತವಳು ಹಾಳೆಯಿಂದ ತಲೆ ಎತ್ತದೆ ಕೇಳಿದಳು:

"ಆಯಿ, ಕತ್ತರಿಸಿದ ಮ್ಯಾಲ ಆ ಜಡಿ ಮನಿಗೆ ಕೊಡ್ತಾರಾ? ನಾ ಇಟ್ಕೋಬಹುದಾ?"

ನಾನು ಎಣ್ಣೆಯ ಸೀಸೆ ಎತ್ತಿ ಮೂಸಿ ನೋಡಿದೆ. ಎಣ್ಣೆಯಲ್ಲೇ ಕಲಬೆರಕೆ ಇರಬೇಕು ಎಂದು ತೀರ್ಮಾನಿಸಿದೆ. ಶುದ್ಧ ಕುಸುಬಿ ಎಣ್ಣೆ ಬೇಕೆಂದರೆ ನಾರಾಯಣಖೇಡಕ್ಕೆ ಹೋಗಬೇಕು. ಅಲ್ಲಿ ನಮ್ಮ ಹಾಸ್ಟೆಲಿನ ಅಡಿಗೆಯಾಕೆ ಇದ್ದಾಳೆ. ನನ್ನ ಜೊತೆಗೇ ನಿವೃತ್ತಳಾದವಳು. ಅವಳ ತಮ್ಮನದು ಗಾಣ. ಮರುದಿನ ಮೊದಲ ಬಸ್ಸಿಗೆ ಮೊಮ್ಮಗಳನ್ನು ಕರೆದುಕೊಂಡು ಹೊರಟೆ.

ಬೇಳೆ ಬಜಾರಿನ ಹಿಂದೆ ಅವಳ ಮನೆ. ನಮ್ಮನ್ನು ಕಂಡವಳೇ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕುಳಿತಳು. ಸೆಕೆಗೆ ಹುಡುಗಿ ತಲೆಯ ಮೇಲಿನ ದುಪಟ್ಟಾ ತೆಗೆದಳು. ಅಡಿಗೆಯಾಕೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯ ಶಿವನ! ಇದು ನಿಮ್ಮ ಕೈಯಾಂದ ಅಲ್ಲೇನ್ರಿ ಅಕ್ಕೋರ? ಹತ್ತು ಮಾರು ದೂರದಿಂದ ಗುರ್ತ ಹಿಡೀತೀನಿ. ಆ ಹುಬ್ಬು ನೋಡ್ರಿ, ಹೆಂಗ ಮ್ಯಾಲ ಏರ‍್ಯಾವ! ನಮ್ಮ ಹಾಸ್ಟೆಲ್ ಪೋರಿಗೋಳೂ ಹಿಂಗೇ ಇದ್ವು. ಮುಂಜಾನಿ ಎಂಟರ ತನಕ ಏನೋ ಕಂಡು ಗಾಬರಿ ಆದಂಗ ಕಾಣ್ತಿದ್ವು."

ನಾನೂ ನಕ್ಕೆ. ನಗದೆ ಕುಳಿತದ್ದು ಮೊಮ್ಮಗಳು ಒಬ್ಬಳೇ.

"ಎಂಟರ ತನಕ ಅಂದ್ರ? ಎಂಟಾದ ಮ್ಯಾಲ ಏನಾಗ್ತಿತ್ತು?" ಎಂದು ಕೇಳಿದಳು.

ಅಡಿಗೆಯಾಕೆ ನಾಲಿಗೆ ಕಚ್ಚಿಕೊಂಡಳು. ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

"ಹೇಳು," ಎಂದೆ.

"ಬಿಡ್ರಿ ಅಕ್ಕೋರ, ಹಳೀ ಮಾತು."

"ಹೇಳು ಅಂದೆ."

"ಸಡಲ ಮಾಡ್ಕೋತಿದ್ರು ರಿ."

"ಯಾರು?"

"ಎಲ್ಲಾರೂ."

ತಪಾಸಣೆ ಮುಗಿದು ನಾನು ಕಚೇರಿ ಕೋಣೆಗೆ ಹೋದ ಕೂಡಲೇ ಹುಡುಗಿಯರು ತಟ್ಟೆ ತೊಳೆಯುವ ನೆಪದಲ್ಲಿ ಅಡಿಗೆಮನೆಯ ಹಿಂದೆ ಸಾಲುಗಟ್ಟುತ್ತಿದ್ದರಂತೆ. ಒಬ್ಬಳು ನನ್ನ ಬಾಗಿಲನ್ನು ಕಾಯುತ್ತಿದ್ದಳಂತೆ. ಖಾಲಿ ಬೇಳೆ ಡಬ್ಬಿಯಲ್ಲಿ ಎರಡು ಹಣಿಗೆ ಸದಾ ಇರುತ್ತಿದ್ದವಂತೆ. ಬಿಚ್ಚಿ, ಬುಡ ಸಡಿಲಿಸಿ, ಮೇಲೆ ಮೇಲೆ ಹೆಣೆದುಕೊಂಡು ಶಾಲೆಗೆ ಹೋಗುವುದು. ಸಂಜೆ ಹಾಜರಿಗೆ ಮುಂಚೆ ಮತ್ತೆ ಬಿಗಿದುಕೊಳ್ಳುವುದು. ಇದೂ ಒಂದು ದಿನವೂ ತಪ್ಪಿರಲಿಲ್ಲ.

ಡಬ್ಬಿಯ ಮಾತು ಬಂದಾಗ ನನಗೆ ನೆನಪಾಯಿತು. "ಒಮ್ಮಿ ನಾ ಆ ಡಬ್ಬಿಯಾಗ ಹಣಗಿ ನೋಡಿ ಕೇಳಿದ್ದೆ. ಅದು ನಂದು ಅಂದಿದ್ದಿ ನೀ."

"ಅಂದಿದ್ದೆ ರಿ. ಆಗಿನ್ನೂ ಶ್ರೀಶೈಲದಾಗ ಮುಡಿ ಕೊಟ್ಟು ಬಂದು ನಾಕು ದಿನ ಆಗಿತ್ತು. ನನ್ನ ತಲ್ಯಾಗ ಒಂದ ಕೂದಲಾ ಇರ್ಲಿಲ್ಲ. ಹಣಗಿ ಡಬ್ಬಿಯಾಗ ಯಾಕ ಇಟ್ಟಿ ಅಂತ ಬೈದ್ರಿ. ಬೋಳಿಗಿ ಹಣಗಿ ಯಾಕ ಅಂತ ಕೇಳಲೇ ಇಲ್ಲ."

ಮೊಮ್ಮಗಳ ಮೂಗಿನಿಂದ ಮಜ್ಜಿಗೆ ಬಂತು. ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಡಿಗೆಯಾಕೆ ಹುಡುಗಿಯನ್ನು ಹತ್ತಿರ ಎಳೆದು, ಕಣತಲೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ನಗು ನಿಂತಿತು.

"ನೋಯ್ತದೇನವ್ವಾ ಇಲ್ಲಿ?"

ಹುಡುಗಿ ನನ್ನ ಕಡೆ ನೋಡಿದಳು. "ಮೊದಲ ನೋಯ್ತಿತ್ತು. ಈಗ ರೂಢಿ ಆಗ್ಯಾದ."

"ಎಣ್ಣಿ ಒಯ್ಯಾಕ ಬಂದೀರಿ, ಒಯ್ಯರಿ," ಎಂದಳು ಅಡಿಗೆಯಾಕೆ ನನಗೆ. "ಆದ್ರ ಅಕ್ಕೋರ, ಕೂದಲಾ ನೆತ್ತಿ ಮ್ಯಾಲ ದಟ್ಟ ಅವ, ಹಿಂದ ದಟ್ಟ ಅವ. ನೀವು ಎಲ್ಲಿ ಜಗ್ತೀರಿ ಅಲ್ಲೇ ಹೋಗ್ಯಾವ. ಆ ಪೋರಿಗೋಳು ಕಳ್ಳೀರು, ಅವರವು ಉಳದ್ವು. ಇಕಿ ಪಾಪ, ನೀವು ಹೇಳಿದ್ದು ಕೇಳ್ತಾಳ."

ಹುಡುಗಿಯನ್ನು ನನ್ನ ಮುಂದೆ ಕೂರಿಸಿಕೊಂಡು ರಿಬ್ಬನ್ ಬಿಚ್ಚಿದೆ, ಜಡೆ ಬಿಚ್ಚಿದೆ. ಬಿಚ್ಚುತ್ತಿದ್ದಂತೆ ಅವಳ ಹುಬ್ಬುಗಳು ಇಳಿದು ತಮ್ಮ ಜಾಗಕ್ಕೆ ಬಂದವು. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆಗ ನನಗೆ ಇನ್ನೊಂದು ಪ್ರಶ್ನೆ ಬಂತು. ಉದುರುವುದು ತಾಂಡೂರಿನಲ್ಲೇ ಶುರುವಾಗಿತ್ತಲ್ಲ?

"ಮನ್ಯಾಗ ನಿಮ್ಮ ಮಮ್ಮಿ ಹೆಂಗ ಹಾಕ್ತಾಳ ಜಡಿ?"

"ನಿನ್ನಂಗೇ ಆಯಿ. ಆದ್ರ ಇನ್ನಾ ಜಲ್ದಿ."

ಮಗಳು ಬೆಳೆದದ್ದೇ ಹಾಸ್ಟೆಲಿನ ಕ್ವಾರ್ಟರ್ಸಿನಲ್ಲಿ. ಜಡೆ ಹಾಕುವುದನ್ನು ಕಲಿತದ್ದು ನನ್ನಿಂದ. ವಾಪಸು ಬರುವ ಬಸ್ಸಿನಲ್ಲಿ ಮೊಮ್ಮಗಳು ಬಿಡಿಗೂದಲನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ನಾನು ಮಗಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಕುಳಿತೆ. ಹುಡುಗಿಯರಿಂದ ಎಷ್ಟೋ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡವಳು ನಾನು. ಜಹೀರಾಬಾದ್ ಬಂದರೂ ನನಗೆ ಮೊದಲ ಸಾಲು ಹೊಳೆಯಲಿಲ್ಲ.

ಉಳಿದ ದಿನಗಳಲ್ಲಿ ಕೂದಲಿನ ಹಾಳೆ ಸಣ್ಣದಾಯಿತು. ಲೋಳೆ ಹೋಯಿತು, ಮೊಸರು ಹೋಯಿತು. ವಾರಕ್ಕೊಮ್ಮೆ ಎಣ್ಣೆ, ಸೋಮವಾರ ಕಣ್ಣು ಮುಚ್ಚಿಕೊಂಡು ಕುಂಕುಡುಕಾಯಿ, ಕುತ್ತಿಗೆಯ ಹತ್ತಿರ ಶುರುವಾಗುವ ಒಂದೇ ಸಡಿಲ ಜಡೆ. ಊಟ, ನಿದ್ದೆ, ತಾರಸಿಯ ಸುತ್ತು ಹಾಗೆಯೇ ಉಳಿದವು, ಅವುಗಳಿಂದ ಕೇಡೇನೂ ಆಗಿರಲಿಲ್ಲ. ಸಡಿಲ ಜಡೆಯನ್ನು ನೋಡಿದಾಗಲೆಲ್ಲ ನನ್ನ ಕೈ ಕಡಿಯುತ್ತಿತ್ತು. ಆಗೆಲ್ಲ ಹೋಗಿ ಕಪಾಟಿನ ಬಟ್ಟೆಗಳನ್ನು ಮತ್ತೊಮ್ಮೆ ಮಡಚಿಡುತ್ತಿದ್ದೆ. ನಮ್ಮ ಮನೆಯ ಕಪಾಟು ಆ ಬೇಸಿಗೆಯಲ್ಲಿ ಇದ್ದಷ್ಟು ಓರಣವಾಗಿ ಯಾವತ್ತೂ ಇರಲಿಲ್ಲ. ಎರಡು ವಾರವಾದ ಮೇಲೆ ವಹಿಯ ಎಣಿಕೆ ಇಳಿಯತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಮೊಮ್ಮಗಳು ಕನ್ನಡಿಯ ಮುಂದೆ ನಿಂತು ಕೂಗಿದಳು. ಕಣತಲೆಯ ಮೇಲೆ ಸಣ್ಣ ಸಣ್ಣ ಹೊಸ ಕೂದಲು, ನಾಲ್ಕೈದು ಇದ್ದಿರಬಹುದು, ನೆಟ್ಟಗೆ ನಿಂತಿದ್ದವು. ಯಜಮಾನರು ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು.

"ನನಗೂ ಆ ಲೋಳಿ ಹಚ್ಚಿದ್ರಿ ಅಲ್ಲಾ?" ಎಂದರು.

ಜೂನಿನಲ್ಲಿ ಮಗಳು ಕರೆದುಕೊಂಡು ಹೋಗಲು ಬಂದಳು. ಈ ಸಲವೂ ಬಾಗಿಲಲ್ಲೇ ಶುರು ಮಾಡಿದಳು: "ಪಾರ್ಲರಿಗಿ ಫೋನ್ ಮಾಡೀನಿ. ಮಧ್ಯಾಹ್ನ ಎರಡಕ್ಕ ಬಾ ಅಂದಾರ."

ಮೊಮ್ಮಗಳು ನನ್ನ ಮುಖ ನೋಡಿದಳು. ವಹಿ ತೋರಿಸಿ ಗೆಲ್ಲಬಹುದಿತ್ತು. ಎಣಿಕೆ ಇಳಿದಿತ್ತು, ಕರಾರು ನಮ್ಮ ಕಡೆಗಿತ್ತು. ಆದರೆ ಹಾಗೆ ಗೆದ್ದರೆ ನಾಳೆ ತಾಂಡೂರಿನಲ್ಲಿ ಏಳರ ಬಸ್ಸಿಗೆ ಮುಂಚೆ ಮತ್ತೆ ಅದೇ ಎರಡು ಜಡೆ, ಅದೇ ಬಿಗಿ.

"ಕೂಡು," ಎಂದೆ ಮಗಳಿಗೆ. "ತಪ್ಪು ಕೂದಲದ್ದಲ್ಲ, ನಂದದ. ಅರ್ಧ ನಿಂದು."

ನಾನು ತಪ್ಪು ಎಂದದ್ದಕ್ಕೋ, ನನ್ನದು ಎಂದದ್ದಕ್ಕೋ, ಅವಳು ನಿಜವಾಗಿಯೂ ಕುಳಿತಳು. ನಾರಾಯಣಖೇಡದಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಬಿಗಿ, ಕಣತಲೆ, ಅಡಿಗೆಮನೆಯ ಹಿಂದಿನ ಸಾಲು, ಡಬ್ಬಿಯ ಹಣಿಗೆ. ನನ್ನ ಎಲ್ಲ ಹುಡುಗಿಯರೂ ನನ್ನ ಕಣ್ಣಿಗೆ ಮಣ್ಣೆರಚಿದರು ಎನ್ನುವಾಗ ನನ್ನ ದನಿ ಸ್ವಲ್ಪ ಏರಿತು. ಮಗಳು ನೆಲ ನೋಡುತ್ತಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದೆ.

"ಅವ್ವಾ," ಎಂದು ತಲೆ ಎತ್ತಿದಾಗ ನೋಡಿದರೆ ನಗು ತಡೆಯುತ್ತಿದ್ದಳು, "ಬಾಗಲಾ ಕಾಯಾಕಿ ನಾನೇ ಇದ್ದೆ."

ಯಜಮಾನರು ಎದ್ದು ಹೊರಗೆ ಹೋದರು. ಅವರಿಗೂ ಗೊತ್ತಿತ್ತೆಂದು ಅವರ ಬೆನ್ನು ನೋಡಿಯೇ ತಿಳಿಯಿತು.

"ಹಂಗಿದ್ರ ನಿನ್ನ ಮಗಳಿಗಿ ಯಾಕ ಹಂಗ ಬಿಗೀತಿದ್ದಿ?"

"ನಂಗ ಬ್ಯಾರೆ ಜಡಿ ಎಲ್ಲಿ ಬರ್ತದವ್ವಾ? ನೀ ಕಲಿಸಿದ್ದು ಅದೊಂದೇ. ಇಕಿ ಶಾಲಿಗಿ ಹೋಗಿ ಸಡಲ ಮಾಡ್ಕೋತಾಳ ಅಂತ ತಿಳ್ಕೊಂಡಿದ್ದೆ. ಎಲ್ಲಾರೂ ಮಾಡ್ಕೋತಾರಲ್ಲ!"

"ನನಗ ಯಾರೂ ಹೇಳ್ಲೇ ಇಲ್ಲ!" ಎಂದು ಮೊಮ್ಮಗಳು ಚೀರಿದಳು. "ಇಷ್ಟು ವರ್ಷ! ಒಬ್ಬರೂ ಹೇಳ್ಲಿಲ್ಲ!"

ಮಗಳ ನಗು ಅಲ್ಲಿಗೆ ನಿಂತಿತು. ಹುಡುಗಿಯನ್ನು ಹತ್ತಿರ ಕರೆದು, ಕಿವಿಯ ಮೇಲಿನ ಕೂದಲನ್ನು ಸರಿಸಿ, ತೆಳುವಾದ ಜಾಗವನ್ನೂ ಅಲ್ಲಿ ನಿಂತ ಹೊಸ ಕೂದಲನ್ನೂ ನೋಡಿದಳು. ಆಮೇಲೆ ಫೋನ್ ತೆಗೆದು ಪಾರ್ಲರಿಗೆ ಬರುವುದಿಲ್ಲ ಎಂದು ಹೇಳಿದಳು. ಕಾರಣ ಕೇಳಿದರೇನೋ, "ನಮ್ಮ ಮನ್ಯಾಗಿಂದ ಅದ ಬಿಡ್ರಿ, ಉದ್ದ ಕತಿ," ಎಂದಳು.

ಜಡೆ ಉಳಿಯಿತು. ಆದರೆ ಹುಡುಗಿ ತನ್ನ ಕರಾರನ್ನೂ ಮುಂದಿಟ್ಟಳು: ಇನ್ನು ಮೇಲೆ ನಾನೂ ಅಲ್ಲ, ಅವಳ ತಾಯಿಯೂ ಅಲ್ಲ, ಜಡೆ ತಾನೇ ಹಾಕಿಕೊಳ್ಳುವುದು. ಅದರ ಸಲುವಾಗಿ ಬೇಕಾದರೆ ಅರ್ಧ ತಾಸು ಮುಂಚೆ ಏಳುತ್ತಾಳಂತೆ. ಏಳುವ ವಿಷಯದಲ್ಲಿ ನನಗೆ ಅನುಮಾನ ಇರಲಿಲ್ಲ. ಅದನ್ನು ನಾನೇ ಕಲಿಸಿದ್ದೆ.

ತಾಂಡೂರ್ ಬಸ್ಸಿಗೆ ಹೊರಡುವ ಮುಂಚೆ ಅವಳು ಕನ್ನಡಿಯಿಲ್ಲದೆ, ನಡುಮನೆಯಲ್ಲಿ ನಿಂತು, ಕೈ ಹಿಂದೆ ತಿರುಗಿಸಿ ಹೆಣೆದುಕೊಂಡಳು. ಬೈತಲೆ ಸೊಟ್ಟಗಿತ್ತು. ಮೂರು ಪಾಲಿನಲ್ಲಿ ಒಂದು ದಪ್ಪ, ಒಂದು ತೆಳ್ಳಗೆ. ತುದಿಯಲ್ಲಿ ರಿಬ್ಬನ್ ನಿಂತಿರಲಿಲ್ಲ, ನೇತಾಡುತ್ತಿತ್ತು. ಮಗಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ನಾನು ಎರಡೂ ಕೈಗಳಿಂದ ಅವರ ಚೀಲ ಎತ್ತಿಕೊಂಡೆ. ಏನೂ ಅನ್ನಲಿಲ್ಲ. ಅಂದರೆ, ಗೇಟಿನವರೆಗೆ ಏನೂ ಅನ್ನಲಿಲ್ಲ.

"ರಿಬ್ಬನ್ ಬಿಚ್ಚಾಕತ್ತದ ನೋಡವ್ವಾ," ಎಂದೆ.

"ಬಿಚ್ಚಲಿ ಬಿಡು ಆಯಿ," ಎಂದಳು, ತಿರುಗಿಯೂ ನೋಡದೆ, ಆಟೋ ಹತ್ತುತ್ತ.